ಉಳಿದ ಗಂಟೆ ಯಾರದು?

ಬೆಂಗಳೂರಿನಿಂದ ಮೈಸೂರಿಗೆ ಎಷ್ಟು ದೂರ ಎಂದು ಯಾರನ್ನಾದರೂ ಕೇಳಿ ನೋಡಿ. ಕಿಲೋಮೀಟರಿನಲ್ಲಿ ಉತ್ತರ ಕೊಡುವವರು ಈಗ ಕಡಿಮೆ. "ಒಂದೂವರೆ ಗಂಟೆ" ಎನ್ನುತ್ತಾರೆ. ಸ್ವಲ್ಪ ವಿವರವಾಗಿ ಹೇಳುವವರಾದರೆ, "ಕೆಂಗೇರಿ ದಾಟೋದೇ ಕಷ್ಟ ನೋಡಿ, ಅಲ್ಲಿಂದಾಚೆಗೆ ಏನೂ ಇಲ್ಲ" ಎನ್ನುತ್ತಾರೆ. ಆ "ಏನೂ ಇಲ್ಲ" ಎಂಬುದರಲ್ಲಿ 2025ರವರೆಗೆ ರಾಮನಗರ ಎಂದು ಕರೆಯುತ್ತಿದ್ದ ಜಿಲ್ಲೆ ಮತ್ತು ಮಂಡ್ಯ, ಹೀಗೆ ಎರಡು ಜಿಲ್ಲೆಗಳಿವೆ. ನಾನು ಎರಡನೆಯದಕ್ಕೆ ಸೇರಿದವನು. ಊರು ನಾಗಮಂಗಲ ತಾಲ್ಲೂಕಿನಲ್ಲಿ, ಓದು ಮೈಸೂರಿನಲ್ಲಿ. ನೀತಿಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿರುವ ನನ್ನನ್ನು ಕೆಲವು ವರ್ಷಗಳಿಂದ ಓದಬೇಕಾದ ಪುಸ್ತಕಗಳಿಗಿಂತ ಹೆಚ್ಚಾಗಿ ಕಾಡಿರುವುದು ಈ ರಸ್ತೆ. ಎರಡು ನಗರಗಳ ನಡುವೆ ಸಮಯ ಉಳಿಯಿತು ಎನ್ನುತ್ತೇವಲ್ಲ, ಹಾಗೆ ಉಳಿದ ಸಮಯ ಯಾರದು? ಅದು ಎಲ್ಲಿಂದ ಬಂತು?

ಮೊದಲು ದೂರದ ಲೆಕ್ಕವನ್ನೇ ನೋಡೋಣ. ಭೂಪಟದ ಮೇಲೆ ಸ್ಕೇಲಿಟ್ಟು ಗೆರೆ ಎಳೆದರೆ ಬೆಂಗಳೂರಿಗೂ ಮೈಸೂರಿಗೂ ನಡುವೆ ಹೆಚ್ಚುಕಡಿಮೆ 128 ಕಿಲೋಮೀಟರ್. ರೈಲು ಹಳಿಯ ಮೇಲೆ 138. ರಸ್ತೆಯಲ್ಲಾದರೆ, ಬೆಂಗಳೂರಿನ ಯಾವ ಮೂಲೆಯಿಂದ ಹೊರಟಿರಿ ಎನ್ನುವುದರ ಮೇಲೆ, 140ರಿಂದ 150. ಈ ಸಂಖ್ಯೆಗಳ ನಡುವೆ ಅಂಥ ಅಂತರವೇನಿಲ್ಲ. ಸಮಯಕ್ಕೆ ಬಂದಾಗ ಮಾತ್ರ ಎಲ್ಲವೂ ತಲೆಕೆಳಗಾಗುತ್ತದೆ. 2010ರಲ್ಲಿ ಮಂಡಕಳ್ಳಿಯ ವಿಮಾನ ನಿಲ್ದಾಣ ಶುರುವಾದಾಗ ಬೆಂಗಳೂರಿಗೆ ಕಿಂಗ್‌ಫಿಷರ್ ವಿಮಾನ ಹಾರಿತು, ಬಹಳ ಕಾಲ ಉಳಿಯಲಿಲ್ಲ. 2019ರಲ್ಲಿ ಅಲಯನ್ಸ್ ಏರ್ ಮತ್ತೆ ಅದೇ ದಾರಿ ಹಿಡಿಯಿತು. ಆಕಾಶದಲ್ಲಿರುವುದು ಒಂದು ಗಂಟೆಯೊಳಗೆ. ಆದರೆ ಜಯನಗರದಲ್ಲಿರುವವನು ನೈಋತ್ಯಕ್ಕಿರುವ ಮೈಸೂರಿಗೆ ಹಾರಬೇಕಾದರೆ ಮೊದಲು ಉತ್ತರಕ್ಕೆ, ದೇವನಹಳ್ಳಿಗೆ ಹೋಗಬೇಕು. ಅಲ್ಲಿ ತಪಾಸಣೆ, ಕಾಯುವಿಕೆ. ಇಳಿದ ಮೇಲೆ ಮಂಡಕಳ್ಳಿಯಿಂದ ಮತ್ತೆ ಊರೊಳಗೆ. ಅಷ್ಟು ಹೊತ್ತಿಗೆ ಅವನ ಜೊತೆಗೇ ಮನೆ ಬಿಟ್ಟು ಕಾರು ಹತ್ತಿದವನು ಮೈಸೂರಿನಲ್ಲಿ ಊಟ ಮುಗಿಸಿರುತ್ತಾನೆ. ಅತಿ ವೇಗದ ವಾಹನ, ಅತಿ ನೇರವಾದ ದಾರಿ, ಎರಡೂ ಸೇರಿ ಅತಿ ನಿಧಾನದ ಪ್ರಯಾಣವಾಗುವ ವಿಚಿತ್ರ ಇದು. ವಿಮಾನದ ವೇಗ ವಿಮಾನಕ್ಕೆ ಸೇರಿದ್ದು. ಪ್ರಯಾಣಿಕನ ದೂರ ಅವನ ಮನೆಯ ಬಾಗಿಲಿನಿಂದ ಶುರುವಾಗುತ್ತದೆ.

ಈ ಮಾತನ್ನು ನಮ್ಮ ನಾಲ್ಕು ತಾಲ್ಲೂಕುಗಳಿಗೆ ಅನ್ವಯಿಸಿ ನೋಡಿ. ಶ್ರೀರಂಗಪಟ್ಟಣದಿಂದ ಪಾಂಡವಪುರ ಪಕ್ಕದಲ್ಲೇ ಇದೆ. ಅಲ್ಲಿಂದ ವಾಯವ್ಯಕ್ಕೆ ಹೋದರೆ ಕೆ.ಆರ್. ಪೇಟೆ, ಉತ್ತರಕ್ಕೆ ಹೋದರೆ ನಾಗಮಂಗಲ. ನಾಗಮಂಗಲ ಮತ್ತು ಕೆ.ಆರ್. ಪೇಟೆಯ ನಡುವೆ ನೇರ ಗೆರೆ ಎಳೆದರೆ ಸುಮಾರು 35 ಕಿಲೋಮೀಟರ್. ಎರಡೂ ಪಟ್ಟಣಗಳಿಗೆ ರೈಲಿಲ್ಲ. ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ ರೈಲು ಹಾಯುವುದು ಅಕ್ಕಿಹೆಬ್ಬಾಳು, ಮಂದಗೆರೆಯ ಕಡೆ. ನಾಗಮಂಗಲ ತಾಲ್ಲೂಕಿನಲ್ಲಿ 2017ರಿಂದ ಹಾಸನ–ಬೆಂಗಳೂರು ರೈಲು ಬಿ.ಜಿ. ನಗರದ ಕಡೆ ಹಾದುಹೋಗುತ್ತದೆ. ಹಾಗಾಗಿ ಒಂದು ಪಟ್ಟಣದಿಂದ ಇನ್ನೊಂದಕ್ಕೆ ಬಸ್ಸೇ ಗತಿ. ಕಾದ ಹೊತ್ತನ್ನೂ ಸೇರಿಸಿದರೆ ಈ ದಾರಿ ನನ್ನಿಂದ ಎರಡು ಗಂಟೆ ತೆಗೆದುಕೊಳ್ಳುತ್ತದೆ. ಅಂದರೆ ಇವತ್ತಿನ ಲೆಕ್ಕದಲ್ಲಿ ಬೆಂಗಳೂರಿಗೆ ಮೈಸೂರು ಎಷ್ಟು ಹತ್ತಿರವೋ, ನಾಗಮಂಗಲಕ್ಕೆ ಪಕ್ಕದ ತಾಲ್ಲೂಕಿನ ಪಟ್ಟಣ ಅಷ್ಟು ಹತ್ತಿರವಿಲ್ಲ. ಭೂಮಿ ಕುಗ್ಗುತ್ತಿದೆ ಎಂದು ಜನ ಹೇಳುವಾಗ ನನಗೆ ಅನುಮಾನ ಬರುವುದು ಇದಕ್ಕೇ. ಅದು ಕೆಲವೆಡೆ ಕುಗ್ಗಿದೆ, ಕೆಲವೆಡೆ ಹಾಗೆಯೇ ಇದೆ. ಹಾಗೆಯೇ ಉಳಿದ ಜಾಗ ಹೋಲಿಕೆಯಲ್ಲಿ ಇನ್ನಷ್ಟು ದೂರವಾಗಿ ಕಾಣುತ್ತದೆ.

ಹಳಬರ ಬಾಯಲ್ಲಿ ದೂರಕ್ಕೆ ಬೇರೆ ಅಳತೆಗಳಿದ್ದವು. ಹರದಾರಿ, ಗಾವುದ ಎಂಬವು ನಡೆಯುವ ಕಾಲಿನ ಅಳತೆಗಳು. ಅವುಗಳಿಗಿಂತ ನನಗೆ ಇಷ್ಟವಾದದ್ದು ಕೂಗಳತೆ. ಇಲ್ಲಿಂದ ಕೂಗಿದರೆ ಅಲ್ಲಿಗೆ ಕೇಳಿಸುವಷ್ಟು ದೂರ. ಅದರಲ್ಲಿ ಇಬ್ಬರು ಮನುಷ್ಯರಿದ್ದಾರೆ: ಕೂಗುವವನೊಬ್ಬ, ಓಗೊಡುವವನೊಬ್ಬ. ಆ ಕಡೆ ಯಾರೂ ಇಲ್ಲದಿದ್ದರೆ ಕೂಗಳತೆ ಎಂಬ ಅಳತೆಯೇ ಇಲ್ಲ. ಮೀಟರಿಗೆ ಯಾರೂ ಬೇಕಾಗಿಲ್ಲ, ನಿಮಿಷಕ್ಕೂ ಬೇಕಾಗಿಲ್ಲ. ಹಳೆಯ ಅಳತೆಗೆ ಹಿಂದಿರುಗೋಣ ಎಂದು ಹೇಳಲು ಇದನ್ನು ನೆನೆಯುತ್ತಿಲ್ಲ. ದೂರ ಯಾವಾಗಲೂ ಯಾರೋ ಒಬ್ಬರಿಂದ ಇನ್ನೊಬ್ಬರಿಗೆ ಇರುವ ದೂರ ಎಂಬುದನ್ನು ಆ ಮಾತು ಮರೆಯಲು ಬಿಡುವುದಿಲ್ಲ, ಅಷ್ಟೆ.

2023ನೇ ಇಸವಿಯಲ್ಲಿ ನಮ್ಮ ಕಡೆಯ ದೂರಗಳು ಮೂರು ಸಲ ಬದಲಾದವು. ಮಾರ್ಚ್ 12ರಂದು ಮಂಡ್ಯ ಜಿಲ್ಲೆಯಲ್ಲಿ ಪ್ರಧಾನಿಯವರು ಬೆಂಗಳೂರು–ಮೈಸೂರು ಹೆದ್ದಾರಿಯನ್ನು ಉದ್ಘಾಟಿಸಿದರು. ಉದ್ದ 118 ಕಿಲೋಮೀಟರ್, ವೆಚ್ಚ ಸುಮಾರು 8,480 ಕೋಟಿ ರೂಪಾಯಿ. ಮೂರು ಗಂಟೆಯ ಪ್ರಯಾಣ 75 ನಿಮಿಷಕ್ಕೆ ಇಳಿಯುತ್ತದೆ ಎಂಬುದು ಅಂದು ಎಲ್ಲೆಡೆ ಕೇಳಿಬಂದ ಮಾತು. ಜೂನ್ 11ರಂದು ರಾಜ್ಯ ಸರ್ಕಾರದ ಶಕ್ತಿ ಯೋಜನೆ ಜಾರಿಗೆ ಬಂತು. ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿಗೆ ದುಡ್ಡಿಲ್ಲ. ಆಗಸ್ಟ್ 1ರಿಂದ ಹೆದ್ದಾರಿಯ ಮುಖ್ಯ ರಸ್ತೆಯಲ್ಲಿ ಬೈಕು, ಆಟೊ, ಟ್ರ್ಯಾಕ್ಟರು, ಎತ್ತಿನಗಾಡಿಗಳಿಗೆ ಪ್ರವೇಶ ನಿಂತಿತು. ಮೂರನ್ನೂ ಬೇರೆಬೇರೆ ಸುದ್ದಿಗಳಾಗಿ ಓದಿದೆವು. ನನಗೆ ಅವು ಒಂದೇ ಪ್ರಶ್ನೆಗೆ ಕೊಟ್ಟ ಮೂರು ಉತ್ತರಗಳಂತೆ ಕಾಣುತ್ತವೆ. ಪ್ರಶ್ನೆ ಇಷ್ಟೇ: ಯಾರ ದೂರವನ್ನು ಕಡಿಮೆ ಮಾಡಬೇಕು?

ನಡುವಿನ ಉತ್ತರದಿಂದ ಶುರುಮಾಡುತ್ತೇನೆ. ನನ್ನ ಅಕ್ಕನನ್ನು ಕೊಟ್ಟಿರುವುದು ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಯ ಕಡೆಗೆ. ಕೆ.ಎಸ್. ನರಸಿಂಹಸ್ವಾಮಿಯವರ ಊರದು. 1942ರಲ್ಲಿ ಬಂದ ಅವರ 'ಮೈಸೂರ ಮಲ್ಲಿಗೆ'ಯ ತುಂಬ ತವರಿಗೂ ಗಂಡನ ಮನೆಗೂ ನಡುವಿನ ದಾರಿ ಹಬ್ಬಿಕೊಂಡಿದೆ. ಅಲ್ಲಿ ಸುದ್ದಿ ಹೊತ್ತು ತರಲು ಒಬ್ಬ ಬಳೆಗಾರ ಬೇಕು. ಅಮ್ಮನಿಗೆ ಫೋನಿತ್ತು, ಸುದ್ದಿಗೆ ಬರವಿರಲಿಲ್ಲ. ಆದರೂ 2023ಕ್ಕೆ ಮೊದಲು ಅವಳು ಮಗಳ ಮನೆಗೆ ಹೋಗುತ್ತಿದ್ದದ್ದು ವರ್ಷಕ್ಕೆ ಎರಡು ಸಲ, ಹಬ್ಬಕ್ಕೋ ಜಡೆಮುಡಿಗೋ. ಬಸ್ಸು ಆಗಲೂ ಇತ್ತು, ದಾರಿ ಆಗಲೂ ಅಷ್ಟೇ ಇತ್ತು. ಇಲ್ಲದಿದ್ದದ್ದು ಕೈಯಲ್ಲಿ ಕಾಸು. ಹೋಗಿಬರುವ ಖರ್ಚಿಗೆ ಅಪ್ಪನ ಮುಂದೆ ಬಾಯಿ ತೆರೆಯಬೇಕಿತ್ತು. ಅಪ್ಪ ಇಲ್ಲ ಎನ್ನುವವನಲ್ಲ. "ಈಗ್ಯಾಕೆ, ಬೆಳೆ ಬರ್ಲಿ" ಎನ್ನುವವನು. ಈಗ ಅಮ್ಮ ತಿಂಗಳಿಗೊಮ್ಮೆ ಹೋಗುತ್ತಾಳೆ, ಸೊಪ್ಪು ಸೊದೆ ಕಟ್ಟಿಕೊಂಡು. ಕೇಳಿದರೆ, "ಈಗ ಯಾರ್ನೂ ಕೇಳಂಗಿಲ್ವಲ್ಲಪ್ಪ" ಎನ್ನುತ್ತಾಳೆ.

ಈ ಮಾತನ್ನು ಗಮನಿಸಬೇಕು. ಅಮ್ಮನ ಪ್ರಯಾಣದಲ್ಲಿ ಒಂದು ನಿಮಿಷವೂ ಉಳಿದಿಲ್ಲ. ಬಸ್ಸು ತುಂಬಿರುವುದರಿಂದ ಎಷ್ಟೋ ಸಲ ಒಂದನ್ನು ಬಿಟ್ಟು ಇನ್ನೊಂದಕ್ಕೆ ಕಾಯುತ್ತಾಳೆ, ಹಾಗಾಗಿ ಮೊದಲಿಗಿಂತ ಹೆಚ್ಚೇ ಹಿಡಿಯುತ್ತದೆ. ಆದರೂ ಅವಳ ಮಟ್ಟಿಗೆ ಕಿಕ್ಕೇರಿ ಹತ್ತಿರವಾಗಿದೆ. ಅವಳ ದೂರ ಇದ್ದದ್ದು ಮನೆಯೊಳಗೆ, ಕೇಳುವ ಬಾಯಿಗೂ ಕೊಡುವ ಕೈಗೂ ನಡುವೆ. ಅದನ್ನು ದಾಟಲು ಯಾವ ಹೆದ್ದಾರಿಯೂ ನೆರವಾಗುತ್ತಿರಲಿಲ್ಲ. ದೂರವನ್ನು ಬರಿಯ ಗಂಟೆಗಳಲ್ಲಿ ಅಳೆಯುವವರಿಗೆ ಇಲ್ಲಿ ಆದ ಬದಲಾವಣೆ ಕಾಣಿಸುವುದೇ ಇಲ್ಲ.

ಇನ್ನು ಹೆದ್ದಾರಿಯ ಉತ್ತರ. ಇವಾನ್ ಇಲಿಚ್ ಎಂಬ ಚಿಂತಕ 1974ರಲ್ಲಿ 'ಎನರ್ಜಿ ಅಂಡ್ ಈಕ್ವಿಟಿ' ಎಂಬ ಸಣ್ಣ ಪುಸ್ತಕವನ್ನು ಪ್ರಕಟಿಸಿದ. ಅದರಲ್ಲಿ ಅವನು ಒಂದು ತುಂಟ ಲೆಕ್ಕ ಹಾಕುತ್ತಾನೆ. ಒಬ್ಬ ಸಾಮಾನ್ಯ ಅಮೆರಿಕನ್ ಕಾರಿನಲ್ಲಿ ಕೂರುವ ಹೊತ್ತಿಗೆ, ಆ ಕಾರಿನ ಕಂತು, ಪೆಟ್ರೋಲು, ವಿಮೆ, ಟೋಲಿಗಾಗಿ ದುಡಿಯುವ ಹೊತ್ತನ್ನೂ ಸೇರಿಸುತ್ತಾನೆ. ವರ್ಷಕ್ಕೆ 1,600 ಗಂಟೆಗಿಂತ ಹೆಚ್ಚಾಗುತ್ತದೆ. ಅವನು ಕ್ರಮಿಸುವುದು 7,500 ಮೈಲಿ. ಭಾಗಿಸಿದರೆ ಗಂಟೆಗೆ ಐದು ಮೈಲಿಯೂ ಇಲ್ಲ, ಜೋರಾಗಿ ನಡೆಯುವವನ ವೇಗ. ಈ ಲೆಕ್ಕವನ್ನು ಒಪ್ಪದವರಿದ್ದಾರೆ, ನನಗೂ ಅದು ಪೂರ್ತಿ ಒಪ್ಪಿಗೆಯಿಲ್ಲ. ನನಗೆ ಮುಖ್ಯವೆನಿಸಿದ್ದು ಅವನ ಇನ್ನೊಂದು ವಾದ. ಒಂದು ಮಿತಿಯನ್ನು ದಾಟಿದ ವೇಗ ಸಮಯವನ್ನು ಹುಟ್ಟಿಸುವುದಿಲ್ಲ, ನಿಧಾನವಾಗಿ ಹೋಗುವವರ ಹತ್ತಿರವಿದ್ದುದನ್ನು ವೇಗವಾಗಿ ಹೋಗುವವರಿಗೆ ದಾಟಿಸುತ್ತದೆ ಎಂಬುದು ಅದರ ತಿರುಳು.

ಇದು ಪುಸ್ತಕದ ಮಾತೆಂದು ಬಿಡುತ್ತಿದ್ದೆನೋ ಏನೋ, ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿ ನನ್ನ ಸೋದರಮಾವ ಇರದಿದ್ದರೆ. ಮಾವನ ಮನೆ ಹೆದ್ದಾರಿಯ ಈ ಬದಿ, ಗದ್ದೆ ಆ ಬದಿ. ಹಿಂದೆ ಗಾಡಿ ಕಟ್ಟಿಕೊಂಡು ರಸ್ತೆ ದಾಟಿದರೆ ಗದ್ದೆ. ಈಗ ಸರ್ವಿಸ್ ರಸ್ತೆ ಹಿಡಿದು ಅಂಡರ್‌ಪಾಸಿನವರೆಗೆ ಹೋಗಿ, ಆ ಬದಿಗೆ ಸೇರಿ, ಮತ್ತೆ ಅಷ್ಟೇ ದೂರ ಹಿಂದಕ್ಕೆ ಬರಬೇಕು. ಒಂದು ಸಲಕ್ಕೆ ಇಪ್ಪತ್ತು ನಿಮಿಷ. ದಿನಕ್ಕೆ ಎರಡು ಸಲ ಹೋಗಿಬಂದರೆ ಎಂಬತ್ತು ನಿಮಿಷ. ಹೆದ್ದಾರಿಯಲ್ಲಿ ಒಬ್ಬ ಪ್ರಯಾಣಿಕನಿಗೆ ಉಳಿಯಿತೆಂದು ಹೇಳುವ ಸಮಯಕ್ಕೆ ಇದು ಬಹಳ ಕಡಿಮೆಯೇನಲ್ಲ. ವ್ಯತ್ಯಾಸವೆಂದರೆ ಆ ಪ್ರಯಾಣಿಕ ತಿಂಗಳಿಗೆ ಒಂದೆರಡು ಸಲ ಉಳಿಸುತ್ತಾನೆ, ಮಾವ ದಿನವೂ ಕಳೆದುಕೊಳ್ಳುತ್ತಾನೆ. ಉಳಿತಾಯದ ಕಡೆ ಫಲಕಗಳಿವೆ, ಜಾಹೀರಾತುಗಳಿವೆ. ಖರ್ಚಿನ ಕಡೆ ಒಂದು ಸಾಲೂ ಬರೆದಿಲ್ಲ.

ಮಾವನ ಹೊತ್ತನ್ನು ಯಾರೋ ಕದ್ದರು ಎಂದು ನಾನು ಹೇಳುತ್ತಿಲ್ಲ. ಗಂಟೆಗೆ ನೂರು ಕಿಲೋಮೀಟರಿನಲ್ಲಿ ಬರುವ ಕಾರು ಮತ್ತು ಕಬ್ಬು ಹೇರಿದ ಎತ್ತಿನಗಾಡಿ ಒಂದೇ ರಸ್ತೆಯಲ್ಲಿದ್ದರೆ ಸಾಯುವವರು ಗಾಡಿಯವರೇ. ಹಾಗಾಗಿ ಎರಡನ್ನೂ ಬೇರ್ಪಡಿಸಿದ್ದಕ್ಕೆ ಕಾರಣವಿದೆ. ಆದರೆ ಆ ಕಾರಣದ ಮೊದಲ ಹೆಜ್ಜೆಯನ್ನು ನೋಡಿ. ಅಪಾಯವನ್ನು ತಂದದ್ದು ವೇಗ, ಜಾಗ ಬಿಡಬೇಕಾದದ್ದು ನಿಧಾನ. ಬಲಹೀನನ ರಕ್ಷಣೆಗೆಂದು ಬಲಹೀನನನ್ನೇ ಹೊರಗೆ ಕಳಿಸುವ ಈ ನ್ಯಾಯ ನಮಗೆ ಹೊಸದಲ್ಲ. ಹೊತ್ತು ಮುಳುಗಿದ ಮೇಲೆ ಹೆಣ್ಣುಮಕ್ಕಳು ಆಚೆ ಹೋಗಬಾರದು ಎನ್ನುವಾಗಲೂ ನಾವು ಇದೇ ತರ್ಕ ಹೂಡುತ್ತೇವೆ.

ಇಲ್ಲಿಯವರೆಗೆ ಓದಿದವರು, ಇವನು ವೇಗದ ವಿರೋಧಿ, ಎತ್ತಿನಗಾಡಿಯ ಕಾಲಕ್ಕೆ ಹೋಗಬೇಕೆನ್ನುವವನು ಎಂದುಕೊಳ್ಳಬಹುದು. ಹಾಗಿಲ್ಲ. ಎರಡು ವರ್ಷಗಳ ಹಿಂದೆ ಒಂದು ಬೆಳಗಿನ ಜಾವ ಅಪ್ಪನಿಗೆ ಎದೆನೋವು ಬಂತು. ಆಂಬುಲೆನ್ಸಿನಲ್ಲಿ ಮೈಸೂರಿಗೆ ತಂದರು. ಇನ್ನರ್ಧ ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದರು ವೈದ್ಯರು. ಅಪ್ಪ ಈಗ ಚೆನ್ನಾಗಿದ್ದಾನೆ, ಬೆಳೆ ಬರ್ಲಿ ಎಂದು ಈಗಲೂ ಹೇಳುತ್ತಾನೆ. ನಿಮಿಷಗಳಿಗೆ ಬೆಲೆಯಿಲ್ಲ ಎಂದು ನಾನು ಯಾವ ಬಾಯಲ್ಲಿ ಹೇಳಲಿ?

ಆದರೆ ಆ ಬೆಳಗನ್ನು ನಿಮಿಷ ನಿಮಿಷವಾಗಿ ಬಿಡಿಸಿ ನೋಡಿದ್ದೇನೆ. ಶ್ರೀರಂಗಪಟ್ಟಣದಿಂದ ಮೈಸೂರಿನವರೆಗಿನ ಕೊನೆಯ ಹದಿನೈದು ಕಿಲೋಮೀಟರ್ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಮುಗಿಯಿತು. ನಾಗಮಂಗಲದಿಂದ ಪಾಂಡವಪುರದ ಕಡೆಗೆ ಬರುವ ರಸ್ತೆಯೂ ಪರವಾಗಿರಲಿಲ್ಲ. ಹೊತ್ತು ಹೋದದ್ದೆಲ್ಲ ಅದಕ್ಕೂ ಮೊದಲು: ಆಂಬುಲೆನ್ಸ್ ನಮ್ಮೂರು ಹುಡುಕಿಕೊಂಡು ಬರುವುದರಲ್ಲಿ, ಊರಿನಿಂದ ಪಟ್ಟಣಕ್ಕೆ ಇರುವ ಏಳು ಕಿಲೋಮೀಟರ್ ಗುಂಡಿ ರಸ್ತೆಯಲ್ಲಿ. ಅಪ್ಪನ ಜೀವಕ್ಕೆ ವೇಗ ಬೇಕಾಗಿದ್ದದ್ದು ಅಲ್ಲಿ. 118 ಕಿಲೋಮೀಟರನ್ನು 75 ನಿಮಿಷಕ್ಕೆ ಇಳಿಸುವ ಸಮಾಜ ಆ ಏಳು ಕಿಲೋಮೀಟರನ್ನು ಹತ್ತು ನಿಮಿಷಕ್ಕೆ ಇಳಿಸಲಾರದೆ? ಖಂಡಿತ ಇಳಿಸಬಲ್ಲದು. ಆ ಏಳು ಕಿಲೋಮೀಟರಿನ ಎರಡು ತುದಿಯಲ್ಲೂ ನಗರಗಳಿಲ್ಲ, ಅಷ್ಟೆ. ವೇಗ ಒಳ್ಳೆಯದೋ ಕೆಟ್ಟದ್ದೋ ಎಂದು ಚರ್ಚಿಸುತ್ತ ಕೂರುವುದರಿಂದ ಲಾಭವಿಲ್ಲ. ನೀರಿನಂತೆ, ಅಕ್ಕಿಯಂತೆ ಅದೂ ಹಂಚಬೇಕಾದ ವಸ್ತು. ಹಂಚುವಾಗ ಯಾರ ಎಲೆಗೆ ಮೊದಲು ಬಡಿಸುತ್ತೇವೆ ಎಂಬುದರಲ್ಲಿ ನೀತಿ ಇದೆ.

ವೇಗವನ್ನು ತಡೆಯಲಾಗದು, ಅದು ಕಾಲದ ನಿಯಮ ಎನ್ನುವವರಿಗೆ ಶ್ರೀರಂಗಪಟ್ಟಣದ ಶಸ್ತ್ರಾಗಾರದ ಕತೆ ಹೇಳಬೇಕು. ಬೆಂಗಳೂರು–ಮೈಸೂರು ರೈಲು ಮಾರ್ಗವನ್ನು ಜೋಡಿಹಳಿ ಮಾಡುವಾಗ ಟಿಪ್ಪುವಿನ ಕಾಲದ ಇಟ್ಟಿಗೆಯ ಶಸ್ತ್ರಾಗಾರವೊಂದು ದಾರಿಗೆ ಅಡ್ಡವಿತ್ತು. ಕೆಡವಿದ್ದರೆ ಒಂದು ದಿನದ ಕೆಲಸ. ಕೆಡವಲಿಲ್ಲ. ಕೆಲಸ ವರ್ಷಗಟ್ಟಲೆ ಕಾಯಿತು. ಕೊನೆಗೆ 2017ರ ಮಾರ್ಚಿನಲ್ಲಿ ಅಮೆರಿಕದಿಂದ ಪರಿಣತರನ್ನು ಕರೆಸಿ, ಇಡೀ ಕಟ್ಟಡವನ್ನು ಬುಡಸಮೇತ ಎತ್ತಿ, ಒಂದು ಬಿರುಕೂ ದೊಡ್ಡದಾಗದಂತೆ ನೂರಕ್ಕೂ ಹೆಚ್ಚು ಮೀಟರ್ ಆಚೆಗೆ ಸರಿಸಿ ಇಟ್ಟರು. ಇನ್ನೂರು ವರ್ಷ ಹಳೆಯ ಗೋಡೆಗಾಗಿ ರೈಲಿನ ವೇಗ ಕಾಯಿತು, ಹಣ ಕಾಯಿತು, ಎಂಜಿನಿಯರುಗಳು ತಲೆ ಕೆಡಿಸಿಕೊಂಡರು. ನನಗೆ ಇದರಲ್ಲಿ ಹೆಮ್ಮೆಯೇ ಇದೆ. ಒಂದು ವಸ್ತುವಿಗೆ ಬೆಲೆಯಿದೆ ಎಂದು ಒಪ್ಪಿಕೊಂಡರೆ ವೇಗವನ್ನು ನಿಲ್ಲಿಸಿ ಮಾತಾಡಿಸುವುದು ಸಾಧ್ಯ ಎಂದು ಅದು ತೋರಿಸಿತು. ಹಾಗಾದರೆ ಮಾವನ ಎಂಬತ್ತು ನಿಮಿಷಕ್ಕೆ ಇನ್ನೊಂದು ಅಂಡರ್‌ಪಾಸಿನಷ್ಟು ಬೆಲೆಯೂ ಯಾಕಿಲ್ಲ? ಬದುಕಿರುವ ಮನುಷ್ಯನಿಗಿಂತ ಹಳೆಯ ಕಟ್ಟಡಕ್ಕೆ ಹಕ್ಕು ಹೆಚ್ಚೆಂದು ಕೇಳಿದರೆ ಯಾರೂ ಹೇಳುವುದಿಲ್ಲ. ಯಾರೂ ಕೇಳುವುದಿಲ್ಲ ಎಂಬುದೇ ತೊಂದರೆ.

ನಿಂತವರಿಂದಲೇ ಹೆಸರು ಪಡೆದ ಊರುಗಳು ನಮ್ಮಲ್ಲಿವೆ ಎಂಬುದನ್ನೂ ಇಲ್ಲಿ ನೆನೆಯಬಹುದು. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಪಡೆ ಬೀಡುಬಿಟ್ಟಿದ್ದಕ್ಕೆ ಪಾಂಡವಪುರಕ್ಕೆ ಬಹಳ ಕಾಲ ಫ್ರೆಂಚ್ ರಾಕ್ಸ್ ಎಂಬ ಹೆಸರಿತ್ತು. ರೈಲು ನಿಂತದ್ದರಿಂದ ಮದ್ದೂರಿನ ವಡೆ ಹೆಸರಾಯಿತು, ಬಸ್ಸು ಕಾರು ನಿಂತದ್ದರಿಂದ ಬಿಡದಿಯ ತಟ್ಟೆ ಇಡ್ಲಿ, ಚನ್ನಪಟ್ಟಣದ ಗೊಂಬೆ ಅಂಗಡಿ. ಬೈಪಾಸುಗಳಾದ ಮೇಲೆ ಹಳೆಯ ರಸ್ತೆಯ ಅಂಗಡಿಗಳು ಖಾಲಿ ಹೊಡೆದದ್ದನ್ನು ಬಹಳ ಜನ ಬರೆದಿದ್ದಾರೆ, ನಾನು ಮತ್ತೆ ಬರೆಯುವುದಿಲ್ಲ. ಇಷ್ಟು ಮಾತ್ರ ಸೇರಿಸುತ್ತೇನೆ: ಪ್ರಯಾಣದ ಸಮಯವೆಲ್ಲ ನಷ್ಟ ಎಂದು ಮೊದಲೇ ಒಪ್ಪಿಕೊಂಡರೆ ಮಾತ್ರ ಅದನ್ನು ಕಡಿಮೆ ಮಾಡಿದ್ದು ಲಾಭವೆನಿಸುತ್ತದೆ.

ಆ ಮಾತನ್ನು ಒಪ್ಪದ ಒಂದು ಪ್ರಯಾಣ ನಮ್ಮ ಜಿಲ್ಲೆಯಲ್ಲಿ ಪ್ರತಿ ವರ್ಷ ನಡೆಯುತ್ತದೆ. ಮೇಲುಕೋಟೆಯ ಚೆಲುವನಾರಾಯಣನ ವೈರಮುಡಿ ಕಿರೀಟ ಇರುವುದು ಮಂಡ್ಯದ ಜಿಲ್ಲಾ ಖಜಾನೆಯಲ್ಲಿ. ಉತ್ಸವದ ದಿನ ಬೆಳಿಗ್ಗೆ ಅದನ್ನು ಪೊಲೀಸ್ ಕಾವಲಿನಲ್ಲಿ ಹೊರಡಿಸುತ್ತಾರೆ. ಶ್ರೀರಂಗಪಟ್ಟಣ, ಪಾಂಡವಪುರದ ಕಡೆಯಿಂದ ಮೇಲುಕೋಟೆಗೆ ದಾರಿ. ಕಾರಿನಲ್ಲಿ ಹೋದರೆ ಒಂದು ಗಂಟೆ ಸಾಕು. ಕಿರೀಟ ಮುಟ್ಟುವಾಗ ಸಂಜೆಯಾಗಿರುತ್ತದೆ. ಯಾಕೆಂದರೆ ದಾರಿಯ ಊರೂರಲ್ಲಿ ವಾಹನ ನಿಲ್ಲುತ್ತದೆ. ಚಪ್ಪರ ಹಾಕಿ, ಬಾಗಿಲಿಗೆ ತೋರಣ ಕಟ್ಟಿ, ಹಣ್ಣುಕಾಯಿ ಹಿಡಿದು ಕಾದಿರುವವರು ಪೂಜೆ ಮಾಡುತ್ತಾರೆ. ವಜ್ರದ ಕಿರೀಟವೆಂದರೆ ಭದ್ರತೆಯ ದೃಷ್ಟಿಯಿಂದ ಎಷ್ಟು ಬೇಗ ಮುಟ್ಟಿಸಿದರೆ ಅಷ್ಟು ಒಳ್ಳೆಯದು. ಆದರೂ ನಡುವಿನ ಊರುಗಳನ್ನು ಬಿಟ್ಟು ಹೋಗುವ ಧೈರ್ಯ ಯಾರಿಗೂ ಇಲ್ಲ. ಆ ಊರುಗಳಿಗೆ ಕಿರೀಟದ ಮೇಲೆ ಒಂದು ಹಕ್ಕಿದೆ. ಕಾನೂನಿನಲ್ಲಿ ಬರೆಯದ ಆ ಹಕ್ಕು ಎಲ್ಲರಿಗೂ ಗೊತ್ತು: ನಮ್ಮ ಮುಂದೆ ಹಾದುಹೋಗುವುದು ನಮ್ಮನ್ನು ಮಾತಾಡಿಸಿ ಹೋಗಬೇಕು. ದೇವರನ್ನು ನಂಬದ ನನಗೂ ಈ ಹಕ್ಕಿನಲ್ಲಿ ನಂಬಿಕೆಯಿದೆ.

ಎಲ್ಲ ಬಸ್ಸೂ ಎಲ್ಲ ಊರಲ್ಲಿ ನಿಲ್ಲಬೇಕೆಂದು ಇದರ ಅರ್ಥವಲ್ಲ. ವಂದೇ ಭಾರತ್ ರೈಲು ಪಾಂಡವಪುರದಲ್ಲಿ ನಿಲ್ಲದಿದ್ದರೆ ಪಾಂಡವಪುರ ಮುಳುಗಿಹೋಗುವುದಿಲ್ಲ. ಗಾಂಧಿ 'ಹಿಂದ್ ಸ್ವರಾಜ್'ನಲ್ಲಿ ರೈಲನ್ನು ಬೈದರು, ರೈಲಿನ ಮೂರನೇ ದರ್ಜೆಯಲ್ಲೇ ದೇಶ ಸುತ್ತಿದರು. ಇದನ್ನು ವಿರೋಧಾಭಾಸವೆಂದು ನಗುವವರಿದ್ದಾರೆ. ಹತ್ತುವುದಾದರೆ ಅತಿ ಕಷ್ಟದಲ್ಲಿ ಹೋಗುವವನ ಜೊತೆ ಹತ್ತಬೇಕು, ಅವನ ಜಾಗದಿಂದ ರೈಲನ್ನು ನೋಡಬೇಕು ಎಂಬ ತಿಳಿವು ಅದರಲ್ಲಿದೆ ಎಂದು ನನಗನಿಸುತ್ತದೆ.

ಅಮೆರಿಕದ ಜಾನ್ ರಾಲ್ಸ್ 1971ರಲ್ಲಿ ನ್ಯಾಯದ ಬಗ್ಗೆ ಬರೆದ ಪುಸ್ತಕದಲ್ಲಿ ಒಂದು ಪರೀಕ್ಷೆಯಿದೆ. ಸಮಾಜದ ನಿಯಮಗಳನ್ನು ಮಾಡುವಾಗ ನಾವು ಅದರಲ್ಲಿ ಯಾರಾಗಿ ಹುಟ್ಟುತ್ತೇವೆ ಎಂಬುದು ಗೊತ್ತಿಲ್ಲ ಎಂದುಕೊಂಡು ಮಾಡಬೇಕು. ನಮ್ಮ ವಿಭಾಗದಲ್ಲಿ ಇದನ್ನು ಪಾಠ ಮಾಡುವಾಗಲೆಲ್ಲ ನನಗೆ ಗಣಂಗೂರಿನ ಟೋಲ್ ಕಣ್ಣಮುಂದೆ ಬರುತ್ತದೆ. ಆ ರಸ್ತೆಯ ನಕ್ಷೆ ಬರೆಯುವವನಿಗೆ, ನಾಳೆ ತಾನು ಟೋಲ್ ಕಟ್ಟಿ ಹಾರುವ ಕಾರಿನಲ್ಲಿರುತ್ತೇನೋ, ಪಕ್ಕದಲ್ಲಿ ಹುಲ್ಲಿನ ಹೊರೆ ಹೊತ್ತು ಆಚೆ ಬದಿಗೆ ಹೋಗಲು ನಿಂತಿರುತ್ತೇನೋ ಗೊತ್ತಿಲ್ಲದಿದ್ದರೆ ಏನು ಮಾಡುತ್ತಿದ್ದ? ರಸ್ತೆಯನ್ನೇ ಬೇಡ ಎನ್ನುತ್ತಿರಲಿಲ್ಲ. ಎದೆನೋವು ಬಂದವನೂ ತಾನಾಗಬಹುದು. 75 ನಿಮಿಷವನ್ನು ಬಹುಶಃ 85 ಮಾಡುತ್ತಿದ್ದ. ಆ ಹತ್ತು ನಿಮಿಷದಲ್ಲಿ ಇನ್ನಷ್ಟು ಅಂಡರ್‌ಪಾಸು, ನಡೆಯುವವರಿಗೆ ಮೇಲ್ಸೇತುವೆ, ಎಲ್ಲೂ ತುಂಡಾಗದ ಸರ್ವಿಸ್ ರಸ್ತೆ, ಊರೊಳಗಿನಿಂದ ಹೆದ್ದಾರಿಗೆ ಬರುವ ಏಳು ಕಿಲೋಮೀಟರಿಗೆ ಡಾಂಬರು ಇವೆಲ್ಲ ಹಿಡಿಸುತ್ತಿದ್ದವು.

ಮುಂದಿನ ರಸ್ತೆಗೆ, ಮುಂದಿನ ರೈಲಿಗೆ, ಬಂದರೆ ಬರಲಿ ಮುಂದಿನ ವಿಮಾನಕ್ಕೂ, ಇಷ್ಟೊಂದು ನಿಮಿಷ ಉಳಿಯಿತು ಎಂದು ಫಲಕ ಹಾಕುವ ಮೊದಲು ಅದರ ಪಕ್ಕದಲ್ಲಿ ಇನ್ನೊಂದು ಸಾಲಿಗೆ ಜಾಗ ಬಿಡಬೇಕೆಂದು ನಾನು ಕೇಳುತ್ತೇನೆ. ದಾರಿಯ ನಡುವೆ ಬದುಕುವವರಿಗೆ ಎಷ್ಟು ನಿಮಿಷ ಹೆಚ್ಚಾಯಿತು ಎಂಬುದನ್ನೂ ಅಳೆದು, ಅಂಕಿಯಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ ಬರೆಯಲಿ. ಎರಡು ಸಾಲನ್ನೂ ಒಟ್ಟಿಗೆ ಓದಿದ ಮೇಲೂ ನಮಗೆ ಆ ವೇಗ ಬೇಕೆನಿಸಿದರೆ ತೆಗೆದುಕೊಳ್ಳೋಣ. ಆಗ ಅದಕ್ಕೆ ಯಾರು ಬೆಲೆ ತೆತ್ತರು ಎಂಬುದಾದರೂ ನಮಗೆ ಗೊತ್ತಿರುತ್ತದೆ.